ವೈದ್ಯವಿದ್ಯೆ: ಯಾವ ಊರಿನಲ್ಲಿ, ಯಾವ ವರ್ಷದಲ್ಲಿ?

ಮನೆಯ ಮಗುವಿಗೆ ವೈದ್ಯಕೀಯ ಸೀಟು ದೊರೆಯಿತೆಂಬ ಸುದ್ದಿ ಬಂದ ದಿನ ಬೀದಿಗೆಲ್ಲ ಸಕ್ಕರೆ ಹಂಚುವುದಾಗುತ್ತದೆ. ಮರುದಿನ ಬೆಳಗಾಗುವಷ್ಟರಲ್ಲಿ ಎರಡು ಪ್ರಶ್ನೆಗಳು ತಲೆಯೆತ್ತುತ್ತವೆ. ಕಾಲೇಜು ಇರುವುದು ಯಾವ ಊರಿನಲ್ಲಿ ಎಂಬುದು ಒಂದು. ಈ ವರ್ಷವೇ ಸೇರಬೇಕೆ, ಒಂದು ವರ್ಷ ತಡೆದು ಸೇರಲಾಗದೆ ಎಂಬುದು ಇನ್ನೊಂದು. ಮತ್ತಿಗಿರಿ, ಬಾಗಲೂರು, ತಳಿ, ಡೆಂಕಣಿಕೋಟೆಗಳ ಕನ್ನಡ ಮನೆಗಳಲ್ಲಿ ಇವೆರಡರ ಜೊತೆಗೆ ಮೂರನೆಯದೊಂದು ಪ್ರಶ್ನೆಯೂ ಇದೆ: ನಮ್ಮ ಮಗು ಯಾವ ರಾಜ್ಯದ ಪಟ್ಟಿಗೆ ಸೇರಿದ್ದು? ಎಲ್ಲಕ್ಕಿಂತ ಮೊದಲು ಕೇಳಬೇಕಾದ ಈ ಪ್ರಶ್ನೆಯನ್ನು ನಮ್ಮವರು ಎಲ್ಲಕ್ಕಿಂತ ಕೊನೆಗೆ ಕೇಳುತ್ತಾರೆ. ಶಾಲೆಗೆ ಬಂದು ವಿಚಾರಿಸುವ ತಂದೆತಾಯಿಗಳಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದುದನ್ನು ಇಲ್ಲಿ ಒಟ್ಟಾಗಿ ಬರೆಯಲು ನಾವು ಯತ್ನಿಸಿದ್ದೇವೆ.

ಒಂದೇ ಹೆಸರಿನ ವೈದ್ಯಕೀಯ ಕಾಲೇಜು ಎರಡು ಊರುಗಳಲ್ಲಿ ನಡೆಯುವುದು ಕನ್ನಡಿಗರಿಗೆ ಎಪ್ಪತ್ತು ವರ್ಷಗಳ ಹಳೆಯ ಪರಿಚಯ. 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈ ಅವರು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಗುಡ್ಡದ ಮೇಲೆ ಕಟ್ಟಡ ಏಳಿಸಬಹುದಾಗಿತ್ತು, ಅಧ್ಯಾಪಕರನ್ನು ಕರೆತರಬಹುದಾಗಿತ್ತು. ಆದರೆ ರೋಗಿಗಳನ್ನು ಎಲ್ಲಿಂದ ತರುವುದು? ದೊಡ್ಡ ಆಸ್ಪತ್ರೆಗಳಿದ್ದುದು ಸುಮಾರು 60 ಕಿಲೋಮೀಟರು ದೂರದ ಮಂಗಳೂರಿನಲ್ಲಿ. ಆದುದರಿಂದ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮೊದಲಾದ ಆರಂಭದ ಪಾಠಗಳು ಮಣಿಪಾಲದಲ್ಲಿ, ರೋಗಿಯ ಹಾಸಿಗೆಯ ಬಳಿ ನಿಂತು ಕಲಿಯಬೇಕಾದ ಪಾಠಗಳು ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆ ಹಾಗೂ ಲೇಡಿ ಗೋಶನ್ ಆಸ್ಪತ್ರೆಗಳಲ್ಲಿ ಎಂಬ ಏರ್ಪಾಡಾಯಿತು. ಮಂಗಳೂರಿನ ವಿಭಾಗ 1955ರಲ್ಲಿ ಆರಂಭವಾಯಿತು. ಮಣಿಪಾಲದಲ್ಲಿಯೇ ಕಸ್ತೂರಬಾ ಆಸ್ಪತ್ರೆ ಎದ್ದುದು 1961ರಲ್ಲಿ. ಕಾಲಕ್ರಮದಲ್ಲಿ ಎರಡೂ ಪೂರ್ಣ ಕಾಲೇಜುಗಳಾಗಿ ಬೆಳೆದು, ಇಂದು ಒಂದೇ ವಿಶ್ವವಿದ್ಯಾಲಯದ ಆಶ್ರಯದಲ್ಲಿದ್ದರೂ ಬೇರೆಬೇರೆಯಾಗಿ ಸೀಟು ತುಂಬಿಕೊಳ್ಳುತ್ತವೆ. 2020ರಲ್ಲಿ ಅದೇ ವಿಶ್ವವಿದ್ಯಾಲಯದ ಮೂರನೆಯ ಕಾಲೇಜು ದೂರದ ಜಮ್ಷೆಡ್‌ಪುರದಲ್ಲಿ ಪ್ರಾರಂಭವಾಯಿತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. 1953ರಲ್ಲಿ ಮಣಿಪಾಲವಿದ್ದ ದಕ್ಷಿಣ ಕನ್ನಡ ಜಿಲ್ಲೆಯೂ ಮತ್ತಿಗಿರಿಯಿದ್ದ ಸೇಲಂ ಜಿಲ್ಲೆಯೂ ಒಂದೇ ಮದ್ರಾಸು ರಾಜ್ಯದಲ್ಲಿದ್ದವು. 1956ರ ನವೆಂಬರಿನಲ್ಲಿ ಗೆರೆ ಎಳೆದಾಗ ಅವರು ಆಚೆಗಾದರು, ನಾವು ಈಚೆಗೇ ಉಳಿದೆವು. ಆ ಗೆರೆಯ ಫಲವನ್ನು ಸೀಟಿನ ಅರ್ಜಿಯಲ್ಲಿ ಇಂದಿಗೂ ಉಣ್ಣುತ್ತಿದ್ದೇವೆ.

ಪುದುಚೇರಿಯ ಜಿಪ್‌ಮರ್ ಸಂಸ್ಥೆಯದೂ ಇದೇ ಬಗೆಯ ಕಥೆ. ಫ್ರೆಂಚರು 1823ರಲ್ಲಿ ಸ್ಥಾಪಿಸಿದ ವೈದ್ಯಶಾಲೆಯ ಪರಂಪರೆಯಲ್ಲಿ ಬಂದ ಈ ಸಂಸ್ಥೆ 1964ರಲ್ಲಿ ಈಗಿನ ಹೆಸರು ಪಡೆಯಿತು. 2016ರಲ್ಲಿ ಅದು ಕಡಲ ತೀರದಲ್ಲಿ ತೆಂಕಣಕ್ಕೆ ಸುಮಾರು 130 ಕಿಲೋಮೀಟರು ದೂರದ ಕಾರೈಕಾಲಿನಲ್ಲಿ 50 ಸೀಟುಗಳ ಶಾಖೆಯನ್ನು ತೆರೆಯಿತು. ಸಂಸ್ಥೆ ಒಂದೇ, ಪದವಿಯ ಹೆಸರೂ ಒಂದೇ. ಆದರೆ ಆಯ್ಕೆಯ ಪಟ್ಟಿಯಲ್ಲಿ ಪುದುಚೇರಿಗೂ ಕಾರೈಕಾಲಿಗೂ ಎರಡು ಪ್ರತ್ಯೇಕ ಸಾಲುಗಳು. ‘ಜಿಪ್‌ಮರ್ ಸಿಕ್ಕಿತು’ ಎಂದು ಊರಿಗೆಲ್ಲ ಹೇಳಿದ ಮೇಲೆ ಸಿಕ್ಕಿದ್ದು ಕಾರೈಕಾಲು ಎಂದು ತಿಳಿದು ಮುಖ ಸಣ್ಣಗೆ ಮಾಡಿಕೊಳ್ಳುವವರುಂಟು.

ಇದಕ್ಕಿಂತ ವಿಚಿತ್ರವಾದುದು ಮಧುರೆಯ ಏಮ್ಸ್. ಅದಕ್ಕೆ ಅಡಿಗಲ್ಲು ಬಿದ್ದುದು 2019ರಲ್ಲಿ. ಮೊದಲ ತಂಡದ 50 ಮಂದಿ ವಿದ್ಯಾರ್ಥಿಗಳಿಗೆ 2022ರಲ್ಲಿ ಪ್ರವೇಶ ದೊರೆತಾಗ ಮಧುರೆಯಲ್ಲಿ ಕಟ್ಟಡವೇ ಇರಲಿಲ್ಲ. ನೂರು ಕಿಲೋಮೀಟರಿಗೂ ಆಚೆ, ರಾಮನಾಥಪುರದ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಅವರ ತರಗತಿಗಳು ನಡೆದುವು. ಸೀಟು ಮಧುರೆಯದು, ಪಾಠ ರಾಮನಾಥಪುರದ್ದು. ಪಟ್ಟಿಯಲ್ಲಿ ಊರಿನ ಹೆಸರನ್ನು ಓದಿದರೆ ಸಾಲದು. ತರಗತಿ ಎಲ್ಲಿ, ಹಾಸ್ಟೆಲು ಎಲ್ಲಿ, ವಾರ್ಡು ಎಲ್ಲಿ ಎಂದು ವಿಚಾರಿಸಬೇಕು.

ಆದರೆ ಎರಡನೆಯ ಶಾಖೆ, ಸಣ್ಣ ಊರು ಎಂದ ಮಾತ್ರಕ್ಕೆ ಕೀಳೆಂದು ನಾವು ಒಪ್ಪಲಾರೆವು. ಮೊದಲ ವರ್ಷದ ಪುಸ್ತಕ ಎಲ್ಲಿ ಓದಿದರೂ ಒಂದೇ. ಎರಡನೆಯ ವರ್ಷದಿಂದ ವಿದ್ಯಾರ್ಥಿ ವಾರ್ಡಿಗೆ ಇಳಿದ ಮೇಲೆ ಅವನ ನಿಜವಾದ ಗುರು ರೋಗಿಯೇ. ವೆನ್‌ಲಾಕಿನಂಥ ಜಿಲ್ಲಾ ಆಸ್ಪತ್ರೆಗೆ ಕಾಸರಗೋಡಿನಿಂದ ಹಿಡಿದು ಸುತ್ತಲ ಬಡವರೆಲ್ಲ ಬರುವುದರಿಂದಲೇ ಮಂಗಳೂರಿನ ಓದಿಗೆ ಬೆಲೆ ಬಂದಿತು. ಹಾಸಿಗೆಗಳು ಖಾಲಿ ಬಿದ್ದಿರುವ ಹೊಳೆಯುವ ಕಟ್ಟಡಕ್ಕಿಂತ, ರೋಗಿಗಳಿಂದ ಕಿಕ್ಕಿರಿದ ಹಳೆಯ ಸರಕಾರಿ ಆಸ್ಪತ್ರೆ ಕಲಿಯುವವನಿಗೆ ಲೇಸು. 2022ರ ಜನವರಿಯಲ್ಲಿ ತಮಿಳುನಾಡಿನಲ್ಲಿ ಒಮ್ಮೆಲೇ ಉದ್ಘಾಟನೆಗೊಂಡ 11 ಸರಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ನಮ್ಮ ಕೃಷ್ಣಗಿರಿಯದೂ ಒಂದು. ಹೊಸೂರಿನಿಂದ ಅದು ಸುಮಾರು 50 ಕಿಲೋಮೀಟರು. ‘ಹೊಸ ಕಾಲೇಜು, ಹೆಸರಿಲ್ಲ’ ಎಂದು ಮೂಗು ಮುರಿಯುವವರ ಮಕ್ಕಳೇ ಮುಂದೆ ಬೆಂಗಳೂರಿನ ಖಾಸಗಿ ಕಾಲೇಜಿಗಾಗಿ ಹೊಲ ಅಡವಿಟ್ಟುದನ್ನು ನಾವು ಬಲ್ಲೆವು.

ಈಗ ಹಂಚಿಕೆಯ ರೀತಿಯನ್ನು ನೋಡೋಣ. ಇದನ್ನು ಅದೃಷ್ಟದ ಆಟವೆಂದು ಭಾವಿಸಿರುವವರು ಬಹಳ. ನೀಟ್ ಪರೀಕ್ಷೆಯ ರ‍್ಯಾಂಕಿನ ಪ್ರಕಾರ ಎಲ್ಲರೂ ಸಾಲಿನಲ್ಲಿ ನಿಂತಿದ್ದಾರೆಂದು ತಿಳಿಯಿರಿ. ಪ್ರತಿಯೊಬ್ಬನ ಕೈಯಲ್ಲಿಯೂ ತಾನು ಬಯಸುವ ಕಾಲೇಜುಗಳ ಚೀಟಿಯಿದೆ. ಗಣಕಯಂತ್ರವು ಮುಂದಿರುವವನ ಚೀಟಿಯನ್ನು ಮೊದಲು ತೆರೆದು, ಅವನ ಮೊದಲನೆಯ ಹೆಸರಿನ ಕಾಲೇಜಿನಲ್ಲಿ ಅವನ ವರ್ಗಕ್ಕೆ ಜಾಗವಿದ್ದರೆ ಕೊಡುತ್ತದೆ. ಇಲ್ಲವಾದರೆ ಎರಡನೆಯ ಹೆಸರು, ಅದೂ ಇಲ್ಲವಾದರೆ ಮೂರನೆಯದು. ಅನಂತರವೇ ಹಿಂದಿನವನ ಚೀಟಿ. ಆದುದರಿಂದ ‘ದೊಡ್ಡ ಕಾಲೇಜನ್ನು ಮೊದಲು ಬರೆದರೆ ಸಣ್ಣದೂ ತಪ್ಪಿಹೋದೀತು’ ಎಂಬ ಭಯಕ್ಕೆ ಆಧಾರವಿಲ್ಲ. ಮನಸ್ಸಿನಲ್ಲಿ ನಿಜವಾಗಿ ಯಾವ ಕ್ರಮವಿದೆಯೋ ಅದೇ ಕ್ರಮದಲ್ಲಿ ಬರೆದವನಿಗೆ ನಷ್ಟವಿಲ್ಲ. ನಷ್ಟವಾಗುವುದು ಎರಡು ಸಂದರ್ಭಗಳಲ್ಲಿ: ಹೋಗಲಾರದ ಊರನ್ನು ಸುಮ್ಮನೆ ಬರೆದಾಗ ಮತ್ತು ಹೋಗಬಹುದಾದ ಊರನ್ನು ಸಂಕೋಚದಿಂದ ಬರೆಯದೆ ಬಿಟ್ಟಾಗ. ಈ ಚೀಟಿಯನ್ನು ಮಗುವೊಂದೇ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು ತುಂಬಬಾರದು. ಅಜ್ಜಿಯೂ ಸೋದರಮಾವನೂ ಸೇರಿ ಇಡೀ ಮನೆ ಕುಳಿತು, ಒಂದೊಂದು ಊರಿನ ಹೆಸರಿಗೂ ‘ಕಳುಹಿಸುತ್ತೇವೆ’ ಅಥವಾ ‘ಕಳುಹಿಸಲಾರೆವು’ ಎಂದು ಮೊದಲೇ ಗಟ್ಟಿಮಾಡಿಕೊಳ್ಳಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಅಗತ್ಯ.

ಏಕೆಂದರೆ ಸೀಟು ಬಂದ ಮೇಲೆ ಯೋಚಿಸಲು ಸಿಗುವ ಕಾಲ ಕೆಲವೇ ದಿನ.

ನಮಗೆ ಬಲ್ಲವರಾದ ಒಂದು ಕುಟುಂಬವಿದೆ. ಟೊಮೇಟೊ, ಗುಲಾಬಿ ಬೆಳೆಯುವ ಮನೆ. ಕೆಲವು ವರ್ಷಗಳ ಹಿಂದೆ ಹಿರಿಯ ಮಗಳಿಗೆ ದಕ್ಷಿಣದ ಒಂದು ಜಿಲ್ಲೆಯ ಸರಕಾರಿ ಕಾಲೇಜಿನಲ್ಲಿ ಸೀಟು ಬಂದಿತು. ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕಾದಷ್ಟು ದೂರ. ಅದೇ ವಾರ ಅಜ್ಜಿ ಪಾರ್ಶ್ವವಾಯು ಬಡಿದು ಮಲಗಿದರು. ಆ ಬೆಳೆಗೆ ಬೆಲೆಯೂ ಬಿದ್ದಿತ್ತು. ತಂದೆ ನಮ್ಮ ಬಳಿ ಬಂದು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಟೊಮೇಟೊ ಆದ್ರೆ ಕೊಳ್ತೋಗುತ್ತೆ ಮೇಷ್ಟ್ರೇ, ಸೀಟು ಕೊಳ್ತೋಗುತ್ತಾ? ಬರೋ ವರ್ಷ ಸೇರ್ತೀವಿ ಅಂತ ಒಂದು ಅರ್ಜಿ ಬರ್ಕೊಡಿ.” ಅಂಥ ಅರ್ಜಿಗೆ ಇಲ್ಲಿ ಜಾಗವೇ ಇಲ್ಲವೆಂದು ನಾವು ಎಷ್ಟು ವಿವರಿಸಿದರೂ ಅವರಿಗೆ ಅದು ನ್ಯಾಯವಾಗಿ ತೋರಲಿಲ್ಲ. ಹುಡುಗಿ ಸೇರಲಿಲ್ಲ. ಮರುವರ್ಷ ಮತ್ತೆ ಪರೀಕ್ಷೆ ಬರೆದಳು. ಅಂಕ ಮೊದಲಿಗಿಂತ ಹೆಚ್ಚೇ ಬಂದಿತು, ಆದರೆ ಆ ವರ್ಷದ ಪೈಪೋಟಿಯಲ್ಲಿ ಸೀಟು ಬರಲಿಲ್ಲ. ಇಂದು ಆಕೆ ನರ್ಸಿಂಗ್ ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಒಳ್ಳೆಯ ಹೆಸರು ತೆಗೆದಿದ್ದಾಳೆ. ತಂದೆಯ ಬಾಯಲ್ಲಿ ಮಾತ್ರ ಆ ವಾರದ ಮಾತು ಇನ್ನೂ ನಿಂತಿಲ್ಲ.

ಅವರಿಗೆ ಅನ್ಯಾಯವೆಂದು ತೋರಿದುದು ಸಹಜವೇ. ಅಮೆರಿಕದಲ್ಲಿ ನೆಲೆಸಿದ ನೆಂಟರ ಮಕ್ಕಳ ಸುದ್ದಿಯನ್ನು ನಮ್ಮವರು ಕೇಳುತ್ತಿರುತ್ತಾರೆ. ಅಲ್ಲಿಯ ಇಂಡಿಯಾನಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಒಂದೇ ರಾಜ್ಯದ ಒಂಬತ್ತು ಊರುಗಳಲ್ಲಿ ಹರಡಿಕೊಂಡಿದೆ. ಆಯ್ಕೆಯಾದವರು ತಮಗೆ ಬೇಕಾದ ಊರನ್ನು ಸೂಚಿಸಬಹುದು. ಕಾಯಿಲೆ, ಸಂಶೋಧನೆ, ಕುಟುಂಬದ ತೊಂದರೆ ಮುಂತಾದ ಕಾರಣ ತೋರಿಸಿ ಒಂದು ವರ್ಷ ಮುಂದೂಡಲು ಕೇಳಿಕೊಳ್ಳುವ ಪದ್ಧತಿಯೂ ಆ ದೇಶದ ಅನೇಕ ವೈದ್ಯಕೀಯ ಶಾಲೆಗಳಲ್ಲಿದೆ. ಅಲ್ಲಿ ವಿದ್ಯಾರ್ಥಿಯನ್ನು ಆರಿಸುವುದು ಆ ಶಾಲೆಯೇ. ಆರಿಸಿದವರಿಗೆ ಕಾಯುವ ಅಧಿಕಾರವೂ ಉಂಟು. ನಮ್ಮಲ್ಲಿ ಕಾಲೇಜು ಆರಿಸುವುದಿಲ್ಲ, ಪಟ್ಟಿ ಆರಿಸುತ್ತದೆ. ನೀಟ್ ಅಂಕಕ್ಕೆ ಆ ಒಂದು ವರ್ಷದ ಪ್ರವೇಶಕ್ಕೆ ಮಾತ್ರ ಬೆಲೆ. ಕೊನೆಯ ದಿನಾಂಕ ಕಳೆದ ಮೇಲೆ ಬಿಟ್ಟ ಸೀಟು ಹಿಂದಿನವನಿಗೆ ಹೋಗುತ್ತದೆ. ಸುತ್ತುಗಳೆಲ್ಲ ಮುಗಿದಿದ್ದರೆ ಯಾರಿಗೂ ಇಲ್ಲದೆ ಖಾಲಿ ಉಳಿಯುತ್ತದೆ. ಬಾಣಂತನಕ್ಕೂ ಬೆಂಕಿ ಅನಾಹುತಕ್ಕೂ ಈ ಲೆಕ್ಕದಲ್ಲಿ ಅಂಕಣವಿಲ್ಲ. ಒಂದು ಕಠಿಣ ಕಾಯಿಲೆಗಾದರೂ ಸೀಟನ್ನು ಕಾದಿಡುವ ವ್ಯವಸ್ಥೆ ಬರಬೇಕೆಂಬುದು ನಮ್ಮ ಅಭಿಪ್ರಾಯ. ಬರುವವರೆಗೆ ಇರುವ ನಿಯಮವನ್ನು ಅರಿತು ನಡೆಯದೆ ಗತ್ಯಂತರವಿಲ್ಲ.

ಸೀಟು ಎಷ್ಟು ಅವಸರದ ವಸ್ತುವೆಂಬುದಕ್ಕೆ ತಮಿಳುನಾಡಿನದೇ ಉದಾಹರಣೆಯಿದೆ. ಸರಕಾರಿ ಶಾಲೆಗಳಲ್ಲಿ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ ಶೇಕಡ 7.5ರಷ್ಟು ಮೀಸಲಿಡುವ ಕಾನೂನು 2020ರಲ್ಲಿ ಬಂದಿತು. ಅದಕ್ಕೆ ಹಿಂದೆ ಬೆರಳೆಣಿಕೆಯಷ್ಟು ಸರಕಾರಿ ಶಾಲೆಯ ಮಕ್ಕಳಿಗೆ ಮಾತ್ರ ಸಿಗುತ್ತಿದ್ದ ಎಂ.ಬಿ.ಬಿ.ಎಸ್. ಸೀಟು ಆ ವರ್ಷ 300ಕ್ಕೂ ಹೆಚ್ಚು ಮಕ್ಕಳ ಪಾಲಿಗೆ ತೆರೆಯಿತು. ನವೆಂಬರಿನಲ್ಲಿ ಕೌನ್ಸೆಲಿಂಗ್ ಆರಂಭವಾದಾಗ ಖಾಸಗಿ ಕಾಲೇಜುಗಳ ಶುಲ್ಕ ಕೇಳಿ ಕೆಲವು ಬಡ ಮಕ್ಕಳು ಕೈಗೆ ಬಂದುದನ್ನು ಬಿಟ್ಟುಕೊಟ್ಟರು. ಕೆಲವೇ ದಿನಗಳಲ್ಲಿ, ಅಂಥವರ ಶುಲ್ಕವನ್ನು ತಾನೇ ಭರಿಸುವುದಾಗಿ ಸರಕಾರ ಘೋಷಿಸಿತು. ನಾಲ್ಕು ದಿನ ಮೊದಲು ಬಂದಿದ್ದರೆ ಆ ಮಕ್ಕಳು ಬಿಡುತ್ತಿರಲಿಲ್ಲ. ಶುಲ್ಕಕ್ಕೆ ಹೆದರಿ ‘ಬೇಡ’ ಎಂದು ಬರೆಯುವ ಮುನ್ನ ಸರಕಾರದ ನೆರವು ಏನೇನಿದೆಯೆಂದು ತಿಳಿದುಕೊಳ್ಳಬೇಕು.

ಅಖಿಲ ಭಾರತ ಕೋಟಾದ ಸುತ್ತುಗಳ ನಿಯಮ ಈಚಿನ ವರ್ಷಗಳಲ್ಲಿ ಹೀಗಿದೆ. ಮೊದಲ ಸುತ್ತಿನಲ್ಲಿ ಬಂದ ಸೀಟನ್ನು ಬಿಟ್ಟರೆ ದಂಡವಿಲ್ಲ. ಎರಡನೆಯದರಲ್ಲಿ ಬಂದುದನ್ನು ಸೇರದಿದ್ದರೆ ಠೇವಣಿ ಹೋಗುತ್ತದೆ. ಎಲ್ಲಕ್ಕೂ ಕೊನೆಯ ಬಿಡಿ ಸೀಟುಗಳ ಸುತ್ತಿನಲ್ಲಿ ಬಂದ ಸೀಟನ್ನು ಸೇರದವನು ಮರುವರ್ಷದ ನೀಟ್ ಬರೆಯುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಇನ್ನೊಂದು ತೊಡಕು, ಮೇಲಿನ ಕಾಲೇಜಿಗೆ ಏರುವ ಇಚ್ಛೆಯನ್ನು ಸೂಚಿಸುವುದು. ಇಚ್ಛೆಯಿದೆ ಎಂದು ಬರೆದು, ಮುಂದಿನ ಸುತ್ತಿನಲ್ಲಿ ಹೊಸ ಸೀಟು ಬಂದರೆ ಹಳೆಯದು ಆ ಕ್ಷಣವೇ ರದ್ದು. ಹೊಸ ಊರನ್ನು ಕಂಡು ಹೆದರಿ ಹಿಂದಿರುಗಿದರೆ ಹಳೆಯ ಕುರ್ಚಿಯಲ್ಲಿ ಬೇರೊಬ್ಬರು ಕುಳಿತಿರುತ್ತಾರೆ.

ಹಾಗಾದರೆ ಮನೆಯಲ್ಲಿ ಕಷ್ಟ ಬಂದವರು ಮಾಡಬೇಕಾದುದೇನು? ಮೊದಲು ಸೇರಬೇಕು, ರಜೆಯ ಮಾತು ಆಮೇಲೆ. ಎಂ.ಬಿ.ಬಿ.ಎಸ್. ಓದು ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಇದನ್ನು ಮುಗಿಸಲು ಸೇರಿದ ದಿನದಿಂದ ಒಂಬತ್ತು ವರ್ಷಗಳ ಅವಕಾಶವಿದೆ. ಮೊದಲ ವರ್ಷದ ಪರೀಕ್ಷೆಗೆ ನಾಲ್ಕು ಯತ್ನಗಳ ಮಿತಿಯೂ ಇದೆ. ಹಾಜರಿ ಪಾಠಗಳಿಗೆ ಶೇಕಡ 75, ಪ್ರಾಯೋಗಿಕ ತರಗತಿಗಳಿಗೆ ಶೇಕಡ 80 ಇರಬೇಕು. ಹಾಜರಿ ಸಾಲದಾದರೆ ಹಿಂದಿನ ತಂಡದ ಜೊತೆ ಕೂರಬೇಕಾದೀತು, ಅದು ನಿಜ. ಆದರೆ ಆರು ತಿಂಗಳು ಹಿಂದೆ ಬಿದ್ದವನು ವೈದ್ಯನಾಗುತ್ತಾನೆ. ಸೇರದೆ ಉಳಿದವನು ಮತ್ತೆ ಸಾಲಿನ ಕೊನೆಯಲ್ಲಿ ನಿಲ್ಲುತ್ತಾನೆ. ‘ಈಗ ಸೇರಿ, ಆಮೇಲೆ ಹತ್ತಿರದ ಕಾಲೇಜಿಗೆ ವರ್ಗ ಮಾಡಿಸಿಕೊಳ್ಳೋಣ’ ಎಂಬ ಲೆಕ್ಕವನ್ನಂತೂ ನೆಚ್ಚಬಾರದು. ಹಿಂದೆ ಕೆಲವು ಷರತ್ತುಗಳ ಮೇಲೆ ಇದ್ದ ಆ ದಾರಿಗೆ 2023ರ ನಿಯಮಾವಳಿ ಬಾಗಿಲು ಹಾಕಿತು. ಅದನ್ನು ಪ್ರಶ್ನಿಸಿದವರು ಉಚ್ಚ ನ್ಯಾಯಾಲಯದ ಮೆಟ್ಟಿಲು ಏರಬೇಕಾಯಿತು.

ಇನ್ನು ನಮ್ಮ ಗಡಿಯ ಮನೆಗಳಿಗೇ ಮೀಸಲಾದ ಮೂರನೆಯ ಪ್ರಶ್ನೆ. ಸೀಟು ಯಾವ ರಾಜ್ಯದ್ದೆಂಬುದು ನೀಟ್ ಬರೆದ ಮೇಲೆ ತೀರ್ಮಾನವಾಗುವುದಲ್ಲ. ಮಗು ಆರನೆಯ ತರಗತಿಗೆ ಸೇರುವಾಗಲೇ ಅರ್ಧ ತೀರ್ಮಾನವಾಗಿರುತ್ತದೆ. ಶೇಕಡ 7.5ರ ಸೌಲಭ್ಯಕ್ಕೆ ಆರರಿಂದ ಹನ್ನೆರಡರವರೆಗೆ ತಮಿಳುನಾಡಿನ ಸರಕಾರಿ ಶಾಲೆಯಲ್ಲಿ ಓದಿರಬೇಕು. ಅನುದಾನಿತ ಶಾಲೆ ಇದಕ್ಕೆ ಸಲ್ಲದು. ಈ ಕಾನೂನನ್ನು ಮದ್ರಾಸ್ ಉಚ್ಚ ನ್ಯಾಯಾಲಯ 2022ರ ಏಪ್ರಿಲಿನಲ್ಲಿ ಎತ್ತಿಹಿಡಿಯಿತು. ನಮ್ಮಲ್ಲಿ ನಡೆಯುತ್ತಿರುವುದೇನು? ಹತ್ತನೆಯ ತರಗತಿಯವರೆಗೆ ಇಲ್ಲಿಯ ಸರಕಾರಿ ಶಾಲೆಯಲ್ಲಿ ಓದಿದ ಜಾಣ ಮಗುವನ್ನು, ‘ಬೆಂಗಳೂರಿನಲ್ಲಿ ಕೋಚಿಂಗ್ ಚೆನ್ನಾಗಿದೆ’ ಎಂದು ಅತ್ತಿಬೆಲೆಯ ಗೇಟು ದಾಟಿಸಿ ಪಿ.ಯು.ಸಿ.ಗೆ ಸೇರಿಸುತ್ತಾರೆ. ಆ ಒಂದು ಹೆಜ್ಜೆಯಿಂದ 7.5ರ ಬಾಗಿಲು ಮುಚ್ಚಿತು. ಆಚೆಯ ಕರ್ನಾಟಕದಲ್ಲಿಯಾದರೂ ತೆರೆಯಿತೇ ಎಂದರೆ, ಅಲ್ಲಿ ಸಾಮಾನ್ಯವಾಗಿ ಏಳು ವರ್ಷಗಳ ಓದನ್ನು ಕೇಳುತ್ತಾರೆ. ಎರಡು ವರ್ಷದ ಪಿ.ಯು.ಸಿ. ಸಾಲದು. ತಂದೆಯ ಊರಿನ ದಾಖಲೆ ತೋರಿಸಿ ತಮಿಳುನಾಡಿನ ಸಾಮಾನ್ಯ ಪಟ್ಟಿಗೆ ಅರ್ಜಿ ಹಾಕಬಹುದು. ಆದರೆ ಆ ಸಾಲು ಎಷ್ಟು ಉದ್ದದ್ದೆಂದು ಬೇರೆ ಹೇಳಬೇಕಾಗಿಲ್ಲ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೈಪಿಡಿಯಲ್ಲಿ ಗಡಿನಾಡ ಕನ್ನಡಿಗ, ಹೊರನಾಡ ಕನ್ನಡಿಗ ಎಂಬ ಎರಡು ಕಲಮುಗಳಿವೆ. ಗಡಿನಾಡೆಂದ ಕೂಡಲೆ ನಮ್ಮವರು ಅದು ನಮಗೇ ಎಂದು ಹಿಗ್ಗುತ್ತಾರೆ. ಅಲ್ಲಿ ಹೆಸರಿಸಿರುವುದು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳನ್ನು. ಹೊಸೂರಿನ ಹೆಸರು ಅದರಲ್ಲಿಲ್ಲ. ಗಡಿಯಿಂದ ಹತ್ತೇ ಕಿಲೋಮೀಟರಿನ ಆಸುಪಾಸಿನಲ್ಲಿರುವ ನಾವು ಗಡಿನಾಡಿನವರಲ್ಲ, ಹೊರನಾಡಿನವರು! ಆ ಹೊರನಾಡ ಕಲಮಿನ ಕೆಳಗೆ ಅರ್ಜಿ ಹಾಕುವವರು ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪರೀಕ್ಷೆ ಕಠಿಣವಲ್ಲ, ಆದರೆ ಮನೆಯಲ್ಲಿ ಕನ್ನಡ ಮಾತಾಡುತ್ತ, ಬರೆಯಲು ಬಾರದೆ ಬೆಳೆದ ಮಕ್ಕಳಿಗೆ ಅದೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲಿಯೂ ಲಭ್ಯ. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಇದನ್ನು ತಿಳಿದಿರಬೇಕು. ಆದರೆ ಕನ್ನಡದ ಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಹೊಸೂರು, ಕೃಷ್ಣಗಿರಿ, ಸೇಲಂ ಎಂದು ಕೇಂದ್ರ ಬರೆದರೆ ಕನ್ನಡ ಸಿಗದು. ಬೆಂಗಳೂರು ಇಲ್ಲಿಗೆ ನಲವತ್ತು ಕಿಲೋಮೀಟರಿನಷ್ಟೇ ದೂರವಾದುದರಿಂದ ನಮಗೆ ಇದು ಹೊರೆಯಲ್ಲ.

ತಮಿಳಿನ ಮಾತನ್ನೂ ಎತ್ತಬೇಕು. 2006ರ ತಮಿಳು ಕಲಿಕೆಯ ಕಾನೂನು ಭಾಷಾ ಅಲ್ಪಸಂಖ್ಯಾತರ ಶಾಲೆಗಳಿಗೆ ತಂದ ಸಂಕಟವನ್ನು ಈ ಪತ್ರಿಕೆಯ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಆ ಹೋರಾಟ ಬೇರೆ. ಆದರೆ ರಾಮನಾಥಪುರದ ವಾರ್ಡಿನಲ್ಲಿ ಹೊಟ್ಟೆನೋವಿನ ಮುದುಕಿ ತನ್ನ ನೋವನ್ನು ಹೇಳುವುದು ತಮಿಳಿನಲ್ಲಿ. ಹೊರ ರಾಜ್ಯಗಳಿಂದ ಬಂದ ಸಹಪಾಠಿಗಳು ಅದಕ್ಕೆ ತಡವರಿಸುವಾಗ, ಕನ್ನಡ ತಮಿಳು ತೆಲುಗು ಮೂರನ್ನೂ ಬೀದಿಯಲ್ಲೇ ಕಲಿತ ಹೊಸೂರಿನ ಮಗು ರೋಗಿಯ ಪಕ್ಕದಲ್ಲಿ ಕುಳಿತು ಮಾತಾಡಬಲ್ಲದು. ದೂರದ ಶಾಖೆಗೆ ಕಳುಹಿಸಲು ಅಂಜುವ ತಾಯಂದಿರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಕೊನೆಗೆ ಕಾಗದಪತ್ರಗಳ ವಿಷಯ. ಆರರಿಂದ ಹನ್ನೆರಡರವರೆಗೆ ಯಾವ ಯಾವ ವರ್ಷ ಯಾವ ಶಾಲೆಯಲ್ಲಿ ಓದಿದ್ದೆಂಬ ವ್ಯಾಸಂಗ ಪ್ರಮಾಣಪತ್ರ ಬೇಕು. ಎರಡು ಶಾಲೆ ಬದಲಿಸಿದವರಿಗೆ ಎರಡೂ ಕಡೆಯ ಸಹಿ ಬೇಕು. ಜಾತಿ, ವಾಸ, ಆದಾಯದ ಪತ್ರಗಳಲ್ಲಿ ಹೆಸರಿನ ಕಾಗುಣಿತ ಒಂದೇ ಆಗಿರಬೇಕು. ಕನ್ನಡದ ಹೆಸರು ತಮಿಳಿಗೂ ಅಲ್ಲಿಂದ ಇಂಗ್ಲಿಷಿಗೂ ದಾಟುವಾಗ ‘ಗ’ ಹೋಗಿ ‘ಕ’ ಆಗಿರುವುದು ನಮ್ಮಲ್ಲಿ ಮಾಮೂಲು. ನೀಟ್ ನಡೆಯುವುದು ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಅಷ್ಟರಲ್ಲಿ ಶಾಲೆಗಳಿಗೆ ಬೇಸಗೆ ರಜೆ ಬಂದು, ಮುಖ್ಯೋಪಾಧ್ಯಾಯರು ಊರಿನಲ್ಲಿರುವುದಿಲ್ಲ, ಮೊಹರು ಬೀರುವಿನಲ್ಲಿರುತ್ತದೆ. ಹನ್ನೆರಡನೆಯ ತರಗತಿಯ ಮಕ್ಕಳ ಪೋಷಕರು ಮಾರ್ಚಿ ತಿಂಗಳಲ್ಲಿಯೇ ಮಗು ಓದಿದ ಎಲ್ಲ ಶಾಲೆಗಳಿಗೂ ಒಮ್ಮೆ ಹೋಗಿ ಬರಲಿ.